ಬೆಂಕಿಗೆ ಓಡಿಬರುವ ಕರಾರು

ಫಿಲಡೆಲ್ಫಿಯಾದ ಯೂನಿಯನ್ ಫೈರ್ ಕಂಪನಿ ಹುಟ್ಟಿದ್ದು 1736ರ ಡಿಸೆಂಬರ್ 7ರಂದು. ಆಗ ಪೆನ್ಸಿಲ್ವೇನಿಯಾ ಬ್ರಿಟಿಷ್ ದೊರೆಯ ಅಧೀನದಲ್ಲಿದ್ದ ವಸಾಹತು. ಒಬ್ಬರ ಮನೆಗೆ ಬೆಂಕಿ ಬಿದ್ದರೆ ಉಳಿದವರೆಲ್ಲ ಓಡಿಬರುತ್ತೇವೆಂದು ಕಾಗದದ ಮೇಲೆ ಬರೆದು, ಸಂಬಳದ ಆಸೆಯಿಲ್ಲದೆ ಸಹಿ ಹಾಕಿದ ನೆರೆಹೊರೆಯವರ ಕೂಟ ಅದು. ಅಮೆರಿಕದ ಸ್ವಯಂಸೇವಕ ಅಗ್ನಿಶಾಮಕರ ಚರಿತ್ರೆಯಲ್ಲಿ ಮೊದಲ ಗೌರವ ಸಾಮಾನ್ಯವಾಗಿ ಈ ಕೂಟಕ್ಕೇ ಸಲ್ಲುತ್ತದೆ.

ಅದರ ಬೇರು ಮಾತ್ರ ಬಾಸ್ಟನ್ನಿನಲ್ಲಿದೆ. 1711ರಲ್ಲಿ ಆ ಊರಿನ ನಡುಭಾಗವೇ ಸುಟ್ಟುಹೋದ ಮೇಲೆ, ಆಪತ್ತಿನಲ್ಲಿ ಪರಸ್ಪರರ ಸಾಮಾನು ಸರಂಜಾಮು ಉಳಿಸಿಕೊಡಲು ಅಲ್ಲಿನ ಜನ ಸಂಘ ಕಟ್ಟಿಕೊಂಡರು. 1706ರಲ್ಲಿ ಬಾಸ್ಟನ್ನಿನಲ್ಲೇ ಹುಟ್ಟಿದ ಬೆಂಜಮಿನ್ ಫ್ರಾಂಕ್ಲಿನ್ ಹದಿನೇಳರ ಹರೆಯದಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಮುದ್ರಕನಾದ. 1730ರಲ್ಲಿ ಈ ಹೊಸ ಊರಿನ ನದಿದಂಡೆಯ ಫಿಶ್‌ಬರ್ನ್ ಕಟ್ಟೆಯಲ್ಲಿ ಎದ್ದ ಬೆಂಕಿ ಉಗ್ರಾಣಗಳನ್ನೂ ಮನೆಗಳನ್ನೂ ನುಂಗಿತು. ಆ ಮೇಲೆ ಪಂಪು ಯಂತ್ರ, ಬಕೆಟ್ಟು, ಏಣಿ, ಕೊಕ್ಕೆಗಳಿಗೆ ನಗರಾಡಳಿತ ಹಣ ಒದಗಿಸಿತು. ಸಲಕರಣೆ ಬಂತು. ಅದನ್ನು ಹಿಡಿದು ಕ್ರಮವಾಗಿ ಕೆಲಸ ಮಾಡುವ ಜನರ ಏರ್ಪಾಡು ಮಾತ್ರ ಇನ್ನೂ ಆಗಿರಲಿಲ್ಲ.

1735ರ ಫೆಬ್ರವರಿಯಲ್ಲಿ ಫ್ರಾಂಕ್ಲಿನ್ ತನ್ನದೇ ಪತ್ರಿಕೆ ಪೆನ್ಸಿಲ್ವೇನಿಯಾ ಗೆಜೆಟ್‌ನಲ್ಲಿ, ವಯಸ್ಸಾದ ನಾಗರಿಕನೊಬ್ಬ ಬರೆದಂತೆ ಒಂದು ಪತ್ರ ಅಚ್ಚುಮಾಡಿದ. ಬೆಂಕಿ ಆರಿಸುವುದಕ್ಕಿಂತ ಮೊದಲು ಅದು ಬೀಳದಂತೆ ನೋಡಿಕೊಳ್ಳುವ ಮಾತು ಅದರಲ್ಲಿದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಸಲಿಕೆಯಲ್ಲಿ ಕೆಂಡ ಒಯ್ಯುವಾಗ ಮೇಲೆ ಮುಚ್ಚಿರಬೇಕು. ಒಂದು ಕಿಡಿ ಮೆಟ್ಟಿಲ ಸಂದಿಗೆ ಬಿದ್ದರೆ ನಡುರಾತ್ರಿಯವರೆಗೆ ಯಾರಿಗೂ ಕಾಣುವುದಿಲ್ಲ. ಚಿಮಣಿಯ ಮಸಿ ತೆಗೆಯುವವರಿಗೆ ಪರವಾನಗಿ ಇರಬೇಕು, ಅವರ ಕೆಲಸಕ್ಕೆ ಅವರೇ ಹೊಣೆಯಾಗಬೇಕು. ಬಾಸ್ಟನ್ನಿನ ಮಾದರಿಯಲ್ಲಿ ಇಲ್ಲೂ ಸಂಘಗಳಾಗಬೇಕೆಂಬ ಸಲಹೆ ಇವುಗಳ ಜೊತೆಗೆ ಬಂತು. ಎರಡು ವರ್ಷ ತುಂಬುವ ಮೊದಲೇ ಸಲಹೆ ಸಂಘವಾಯಿತು.

ಆ ಸಂಘದ ಕರಾರುಪತ್ರ ಇಂದಿಗೂ ಓದಲು ಯೋಗ್ಯ. ಪ್ರತಿ ಸದಸ್ಯನೂ ತನ್ನ ಖರ್ಚಿನಲ್ಲಿ ಚರ್ಮದ ಬಕೆಟ್ಟುಗಳನ್ನೂ ಗಟ್ಟಿ ನಾರುಬಟ್ಟೆಯ ಚೀಲಗಳನ್ನೂ ಸದಾ ಸಿದ್ಧವಾಗಿಡಬೇಕು. ಬಕೆಟ್ಟು ನೀರಿಗೆ, ಚೀಲ ಮನೆಯ ವಸ್ತುಗಳನ್ನು ತುಂಬಿ ಹೊರಗೆ ಸಾಗಿಸುವುದಕ್ಕೆ. ಉರಿಯುವ ಮನೆಗೆ ಕಳ್ಳರೂ ನುಗ್ಗುತ್ತಿದ್ದ ಕಾಲವಾದ್ದರಿಂದ ಬಾಗಿಲಲ್ಲಿ ನಿಂತು ಸಾಮಾನು ಕಾಯುವುದೂ ಸದಸ್ಯರ ಕರ್ತವ್ಯವಾಗಿತ್ತು. ರಾತ್ರಿ ಬೆಂಕಿಯ ಕೂಗು ಕೇಳಿಸಿದರೆ ಕಿಟಕಿಗಳಲ್ಲಿ ದೀಪ ಇಡಬೇಕು, ಓಡುವವರಿಗೆ ದಾರಿ ಕಾಣಲಿ ಎಂದು. ತಪ್ಪಿದವರಿಗೆ ದಂಡವಿತ್ತು. ಸದಸ್ಯನೊಬ್ಬ ತೀರಿಹೋದರೆ, ಅವನ ಹೆಂಡತಿ ಬಕೆಟ್ಟು ಚೀಲಗಳನ್ನು ಉಳಿಸಿಕೊಂಡಿರುವಷ್ಟು ಕಾಲ, ಗಂಡ ಬದುಕಿದ್ದಾಗ ಸಿಗುತ್ತಿದ್ದ ನೆರವೇ ಆಕೆಗೂ ಸಿಗಬೇಕು. ಇಡೀ ಕರಾರಿನಲ್ಲಿ ಅತ್ಯಂತ ಮಾನವೀಯವಾದ ಕಲಮು ಇದೇ.

ಸದಸ್ಯರು ತಿಂಗಳಿಗೊಮ್ಮೆ ಸೇರಿ, ಒಟ್ಟಿಗೆ ಸಂಜೆ ಕಳೆದು, ಬೆಂಕಿಯ ವಿಷಯ ಚರ್ಚಿಸುತ್ತಿದ್ದರು. ಸಭೆಗೆ ಬಾರದವರು ತೆತ್ತ ದಂಡದ ಹಣದಿಂದಲೇ ಯಂತ್ರ, ಏಣಿ, ಕೊಕ್ಕೆಗಳು ಬಂದವು. ಆ ಯಂತ್ರವೆಂದರೆ ಗಾಲಿಯ ಮೇಲಿನ ತೊಟ್ಟಿಗೆ ಕೂಡಿಸಿದ ಕೈಪಂಪು. ಬಾವಿಯಿಂದಲೋ ನದಿಯಿಂದಲೋ ಸಾಲಾಗಿ ನಿಂತವರು ತುಂಬಿದ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ ತೊಟ್ಟಿ ತುಂಬಿಸಬೇಕು, ಇನ್ನೊಂದು ಸಾಲು ಖಾಲಿ ಬಕೆಟ್ಟುಗಳನ್ನು ಹಿಂದಕ್ಕೆ ಕಳಿಸಬೇಕು. ಪಂಪಿನ ಎರಡೂ ಬದಿಯ ಸನ್ನೆಗಳನ್ನು ಗಂಡಸರು ಮೇಲೆ ಕೆಳಗೆ ಒತ್ತುತ್ತಿದ್ದರೆ ನೀರು ಚಿಮ್ಮುತ್ತಿತ್ತು. ಕೆಲವೇ ನಿಮಿಷಗಳಲ್ಲಿ ತೋಳು ಸೋಲುವ ದುಡಿಮೆ.

ಯೂನಿಯನ್ ಕಂಪನಿಯ ಸದಸ್ಯಸಂಖ್ಯೆ ಮೂವತ್ತಕ್ಕೆ ಸೀಮಿತ. ಸೇರಬೇಕೆಂದು ಮುಂದೆ ಬಂದ ಉಳಿದವರಿಗೆ ನೀವೇ ಇನ್ನೊಂದು ಕಟ್ಟಿಕೊಳ್ಳಿ ಎಂಬ ಸಲಹೆ ಸಿಕ್ಕಿತು. 1738ರಲ್ಲಿ ಫೆಲೋಷಿಪ್, 1740ರ ದಶಕದಲ್ಲಿ ಹ್ಯಾಂಡ್ ಇನ್ ಹ್ಯಾಂಡ್, ಹಾರ್ಟ್ ಇನ್ ಹ್ಯಾಂಡ್, ಹೀಗೆ ಒಂದರ ಹಿಂದೆ ಒಂದು ಎದ್ದವು. ಆಸ್ತಿವಂತ ಗಂಡಸರಲ್ಲಿ ಹೆಚ್ಚಿನವರು ಯಾವುದಾದರೊಂದು ಕಂಪನಿಯ ಸದಸ್ಯರಾದರು.

ಫ್ರಾಂಕ್ಲಿನ್ನನ ಆತ್ಮಕಥೆಯಲ್ಲಿ ಈ ಸಂಘದ ಒಳಗಿನ ಒಂದು ಪ್ರಸಂಗ ದಾಖಲಾಗಿದೆ. 1747ರಲ್ಲಿ ಶತ್ರುಹಡಗುಗಳ ಭಯವಿತ್ತು. ನದಿದಂಡೆಯಲ್ಲಿ ಫಿರಂಗಿ ನಿಲ್ಲಿಸಲು ಲಾಟರಿ ಎತ್ತಲಾಯಿತು. ಸಂಘದಲ್ಲಿದ್ದ ಸುಮಾರು ಅರವತ್ತು ಪೌಂಡುಗಳನ್ನು ಲಾಟರಿ ಚೀಟಿಗಳಿಗೆ ಹಾಕುವ ಪ್ರಸ್ತಾಪ ಬಂತು. ಮೂವತ್ತು ಸದಸ್ಯರಲ್ಲಿ ಇಪ್ಪತ್ತೆರಡು ಮಂದಿ ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದವರು. ಬಹುಮತದ ಖಾತ್ರಿಯಿಲ್ಲದೆಯೇ ಉಳಿದ ಎಂಟು ಮಂದಿ ಸಭೆಗೆ ಬಂದರೆ, ವಿರೋಧಿಸಲು ಬಂದ ಕ್ವೇಕರ್ ಜೇಮ್ಸ್ ಮಾರಿಸ್ ಒಬ್ಬನೇ. ಅಷ್ಟರಲ್ಲಿ ಇಬ್ಬರು ಕ್ವೇಕರ್ ಸದಸ್ಯರು ಫ್ರಾಂಕ್ಲಿನ್ನನನ್ನು ಹೊರಗೆ ಕರೆದು, ತಮ್ಮವರು ಎಂಟು ಮಂದಿ ಹತ್ತಿರದ ಹೋಟೆಲಿನಲ್ಲಿ ಕುಳಿತಿದ್ದಾರೆಂದೂ, ಅಗತ್ಯ ಬಿದ್ದರೆ ಬಂದು ಪರವಾಗಿ ಮತ ಹಾಕುವರೆಂದೂ ತಿಳಿಸಿದರು. ಅಗತ್ಯ ಬೀಳಲಿಲ್ಲ. ಎಂಟಕ್ಕೆ ಒಂದು ಮತದಿಂದ ಪ್ರಸ್ತಾಪ ಗೆದ್ದಿತು. ಭಿನ್ನ ನಂಬಿಕೆಯವರು ಒಬ್ಬರ ಆತ್ಮಸಾಕ್ಷಿಗೆ ಇನ್ನೊಬ್ಬರು ಜಾಗ ಬಿಟ್ಟು ಒಂದೇ ಸಂಘದಲ್ಲಿ ಉಳಿದದ್ದು ಸಣ್ಣ ಸಂಗತಿಯಲ್ಲ.

1752ರಲ್ಲಿ ಈ ಕಂಪನಿಗಳ ಸದಸ್ಯರೇ ಸೇರಿ ಫಿಲಡೆಲ್ಫಿಯಾ ಕಾಂಟ್ರಿಬ್ಯೂಷನ್‌ಷಿಪ್ ಎಂಬ ಪರಸ್ಪರ ವಿಮಾ ಸಂಸ್ಥೆ ಕಟ್ಟಿದರು. ವಿಮೆ ಮಾಡಿಸಿದ ಮನೆಯ ಗೋಡೆಗೆ ಒಂದರ ಮಣಿಕಟ್ಟನ್ನೊಂದು ಹಿಡಿದ ನಾಲ್ಕು ಕೈಗಳ ಸೀಸದ ಗುರುತು ಜಡಿಯುತ್ತಿದ್ದರು. ಸಂಸ್ಥೆ ಈಗಲೂ ನಡೆಯುತ್ತಿದೆ. ಸಂಘ ಹುಟ್ಟಿದ ಮೇಲೆ ಊರಿನಲ್ಲಿ ಒಂದು ಸಲಕ್ಕೆ ಒಂದೆರಡು ಮನೆಗಿಂತ ಹೆಚ್ಚು ಸುಟ್ಟಿಲ್ಲವೆಂದು ಫ್ರಾಂಕ್ಲಿನ್ ಮುಪ್ಪಿನಲ್ಲಿ ಬರೆದ. ಆ ಹೆಮ್ಮೆಯಲ್ಲಿ ಇಟ್ಟಿಗೆಯ ಮನೆಗಳಿಗೂ ವಸಾಹತಿನ ಸ್ಥಾಪಕ ವಿಲಿಯಂ ಪೆನ್ ಹಾಕಿಸಿದ ಅಗಲ ಬೀದಿಗಳಿಗೂ ಪಾಲು ಕೊಡಬೇಕು.

ಹತ್ತೊಂಬತ್ತನೇ ಶತಮಾನದ ಕತೆ ಅಷ್ಟು ಸುಖದ್ದಲ್ಲ. 1801ರಲ್ಲಿ ಊರಿಗೆ ಕೊಳಾಯಿ ನೀರು ಬಂತು, 1803ರಲ್ಲಿ ಕೊಳವೆಯಿಂದ ನೀರು ಹಾಯಿಸುವ ಮೊದಲ ಹೋಸ್ ಕಂಪನಿ ಶುರುವಾಯಿತು, ಬಕೆಟ್ಟಿನ ಸಾಲು ಮರೆಯಾಯಿತು. ಆಸ್ತಿವಂತರ ಜಾಗಕ್ಕೆ ಕುಶಲಕರ್ಮಿಗಳೂ ಕೂಲಿಗಳೂ ಬಂದರು. ಸಂಘಗಳು ಕೇರಿಯ, ಜನಾಂಗದ, ಪಕ್ಷದ ಬಣಗಳಾದವು. ನೀರಿನ ನಲ್ಲಿಗಾಗಿ ಕಂಪನಿಗಳು ಬೀದಿಯಲ್ಲಿ ಬಡಿದಾಡಿದವು. 1818ರಲ್ಲಿ ಕಪ್ಪು ಜನರು ಆಫ್ರಿಕನ್ ಫೈರ್ ಅಸೋಸಿಯೇಷನ್ ಕಟ್ಟಲು ಹೊರಟಾಗ ಬಿಳಿಯರ ಕಂಪನಿಗಳ ವಿರೋಧದಿಂದ ಅದು ಮುರಿದುಬಿತ್ತು. 1838ರ ಮೇ 17ರಂದು ಗುಲಾಮಗಿರಿಯ ವಿರೋಧಿಗಳು ಕಟ್ಟಿಸಿದ್ದ ಪೆನ್ಸಿಲ್ವೇನಿಯಾ ಹಾಲ್‌ಗೆ ಗುಂಪೊಂದು ಬೆಂಕಿಯಿಟ್ಟಾಗ, ಅಗ್ನಿಶಾಮಕರು ಸುತ್ತಲ ಕಟ್ಟಡಗಳಿಗೆ ನೀರು ಹಾಯಿಸಿ ಸಭಾಭವನವನ್ನು ಉರಿಯಲು ಬಿಟ್ಟರು. ಈ ಪರಂಪರೆಯನ್ನು ಗೌರವಿಸುವವರು ಆ ರಾತ್ರಿಯನ್ನು ಬಿಟ್ಟು ಹೇಳಬಾರದು. ಸಂಘಕ್ಕೆ ಬಲ ಕೊಟ್ಟದ್ದು ನಮ್ಮವರು ಎಂಬ ಬಾಂಧವ್ಯ. ಯಾರು ನಮ್ಮವರಲ್ಲ ಎಂದು ತೀರ್ಮಾನಿಸಿದ್ದೂ ಅದೇ. ಅದೇ ಕಾಲದಲ್ಲಿ ಸಾವಿರಾರು ಸದಸ್ಯರು ಕೂಲಿಯಿಲ್ಲದೆ ರಾತ್ರಿಗಳನ್ನು ಬೆಂಕಿಯ ಮುಂದೆ ಕಳೆದದ್ದೂ ನಿಜ, ಕೆಲವರು ಕುಸಿದ ಗೋಡೆಗಳ ಅಡಿಯಲ್ಲಿ ಸತ್ತದ್ದೂ ನಿಜ.

ಹಬೆಯಂತ್ರ ಬಂದ ಮೇಲೆ ಸನ್ನೆ ಒತ್ತುವ ಕೈಗಳ ಅಗತ್ಯ ತಗ್ಗಿತು. 1853ರಲ್ಲಿ ಸಿನ್ಸಿನಾಟಿ ನಗರ ಸಂಬಳದ ಅಗ್ನಿಶಾಮಕ ಇಲಾಖೆ ತೆರೆಯಿತು, 1865ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು. ಫಿಲಡೆಲ್ಫಿಯಾದ ಸ್ವಯಂಸೇವಕರು ಕೊನೆಯವರೆಗೂ ಪಟ್ಟು ಬಿಡಲಿಲ್ಲ. ಅಲ್ಲಿನ ಸಂಬಳದ ಇಲಾಖೆ ಕೆಲಸಕ್ಕೆ ಇಳಿದದ್ದು 1871ರ ಮಾರ್ಚ್ 15ರಂದು.

ನಗರದಲ್ಲಿ ನಿಂತ ಪದ್ಧತಿ ಸಣ್ಣ ಊರುಗಳಲ್ಲಿ ನಿಂತಿಲ್ಲ. ಅಮೆರಿಕದ ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಂದಿಗೂ ಸ್ವಯಂಸೇವಕರು. ಊಟ ಬಡಿಸಿ, ಬಿಂಗೋ ಆಡಿಸಿ, ಮೇಳ ನಡೆಸಿ ಯಂತ್ರಕ್ಕೆ ಹಣ ಕೂಡಿಸುತ್ತಾರೆ. ಆದರೆ ಕೆಲಸಕ್ಕೆ ದೂರದ ಊರಿಗೆ ಹೋಗುವವರು ಹೆಚ್ಚಿದ್ದಾರೆ, ತರಬೇತಿಯ ಗಂಟೆಗಳೂ ಬೆಳೆದಿವೆ. ಪೆನ್ಸಿಲ್ವೇನಿಯಾದಲ್ಲಿ 1970ರ ದಶಕದಲ್ಲಿ ಸುಮಾರು 3 ಲಕ್ಷ ಸ್ವಯಂಸೇವಕರಿದ್ದರೆಂಬ ಅಂದಾಜಿದೆ. 2018ರ ಹೊತ್ತಿಗೆ ಅವರ ಸಂಖ್ಯೆ 38,000ದ ಆಸುಪಾಸಿಗೆ ಇಳಿದಿತ್ತು. ಸ್ವಯಂಸೇವಕರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಲು ಸ್ಥಳೀಯ ಆಡಳಿತಗಳಿಗೆ ಅವಕಾಶ ನೀಡುವ ಕಾಯಿದೆಯನ್ನು ಆ ರಾಜ್ಯ 2016ರಲ್ಲಿ ತಂದಿದೆ.