ನೀರಿನ ಬಣ್ಣ ಬದಲಾಯಿತು, ಯಾವುದರಿಂದ?



ವುಝೂ ಮಾಡುವ ನೀರಿನ ಬಣ್ಣ, ರುಚಿ, ವಾಸನೆ ನೋಡಬೇಕೆಂದು ನಾವೆಲ್ಲ ಮದರಸದಲ್ಲಿ ಕಲಿತವರೇ. ಹೊಳೆಯ ಮಣ್ಣು ಬೆರೆತು ನೀರು ಕೆಂಪಾದರೆ ಅದು ನಾಪಾಕ್ ಆಗುವುದಿಲ್ಲ. ಹೊಲಸು ಬಿದ್ದು ಬಣ್ಣ ಕೆಟ್ಟರೆ ಆಗುತ್ತದೆ. ಬಣ್ಣ ಬದಲಾಗಿದೆ ಎಂದರಷ್ಟೇ ಸಾಲದು, ಯಾವುದರಿಂದ ಎಂದೂ ಕೇಳಬೇಕು. ವಿಜ್ಞಾನವೂ ಇದನ್ನೇ ಕೇಳುತ್ತದೆ.

ಹುಣಸೂರಿನ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣ ಮತ್ತು ಕೆ.ಆರ್. ನಗರದ ಕಾವೇರಿ, ಎಚ್.ಡಿ. ಕೋಟೆಯ ಕಬಿನಿ ಮುಂಗಾರಿನಲ್ಲಿ ಕೆಂಪಗೆ ಹರಿಯುವುದನ್ನು ನೀವು ಕಂಡಿದ್ದೀರಿ. ಬೇಸಿಗೆಯಲ್ಲಿ ಕೆರೆ ಹಸಿರಾಗುವುದನ್ನೂ ಕಂಡಿದ್ದೀರಿ. ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ನೀಲಿ ಬೆಳಕನ್ನು ಹೆಚ್ಚು ಹೀರುತ್ತವೆ, ಕೆಂಪನ್ನು ಕಡಿಮೆ ಹೀರುತ್ತವೆ. ಪಾಚಿಯಲ್ಲಿರುವ ಪತ್ರಹರಿತ್ತು ನೀಲಿ, ಕೆಂಪು ಎರಡನ್ನೂ ಹೀರಿ ಹಸಿರನ್ನು ಬಿಟ್ಟುಕೊಡುತ್ತದೆ.

ನೀರು ಎಷ್ಟು ತಿಳಿಯಾಗಿದೆ ಎಂದು ತಿಳಿಯಲು 1865ರಲ್ಲಿ ಇಟಲಿಯ ಏಂಜೆಲೊ ಸೆಕ್ಕಿ ಒಂದು ಬಿಳಿ ತಟ್ಟೆಯನ್ನು ಸಮುದ್ರಕ್ಕೆ ಇಳಿಸಿ, ಅದು ಯಾವ ಆಳದಲ್ಲಿ ಕಣ್ಮರೆಯಾಗುತ್ತದೆಂದು ಅಳೆದರು. ಕೆರೆಗಳಿಗೆ ಇಂದು 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳುಪು ತಟ್ಟೆ ಬಳಸುತ್ತಾರೆ. ಆದರೆ ತಟ್ಟೆಯನ್ನು ಮರೆಮಾಡಿದ್ದು ಮಣ್ಣೋ ಪಾಚಿಯೋ ಎಂಬುದನ್ನು ಅದು ಹೇಳದು.

ಅದಕ್ಕೆ ಪ್ರಯೋಗಾಲಯ ಬೇಕು. ಅಳತೆ ಮಾಡಿದ ನೀರನ್ನು ಗಾಜಿನ ನಾರಿನ ತೆಳು ಶೋಧಕದಲ್ಲಿ ಸೋಸುತ್ತಾರೆ. ಕಣಗಳು ಅದರ ಮೇಲೆ ಉಳಿಯುತ್ತವೆ. ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿಟ್ಟು ಒಂದೊಂದೇ ಬಣ್ಣದ ಬೆಳಕು ಹಾಯಿಸಿ, ಎಷ್ಟು ಹೀರಲ್ಪಟ್ಟಿತೆಂದು ನೋಡುತ್ತಾರೆ. ಪತ್ರಹರಿತ್ತು ಇದ್ದರೆ ಸುಮಾರು 440 ಮತ್ತು 675 ನ್ಯಾನೋಮೀಟರ್ ಬಳಿ ಏರಿಕೆ ಕಾಣುತ್ತದೆ. ಬಳಿಕ ಮೆಥನಾಲ್‌ನಿಂದ ಆ ಬಣ್ಣವನ್ನು ತೊಳೆದು ಮತ್ತೆ ಅಳೆಯುತ್ತಾರೆ. ಈಗ ಉಳಿದದ್ದು ಮಣ್ಣು ಮತ್ತು ಕೊಳೆತ ಕಸದ ಪಾಲು. ಮೊದಲಿನದರಲ್ಲಿ ಇದನ್ನು ಕಳೆದರೆ ಪಾಚಿಯ ಪಾಲು. ಎಂಥ ಸರಳ ವ್ಯವಕಲನ! ಆದರೆ ಶೋಧಕದೊಳಗೆ ಬೆಳಕು ಅತ್ತಿತ್ತ ಚದುರಿ ಹೆಚ್ಚು ದೂರ ಸಾಗುವುದರಿಂದ ಲೆಕ್ಕ ಹೆಚ್ಚಾಗಿ ಬರುತ್ತದೆ, ಅದನ್ನು ತಿದ್ದಿಕೊಳ್ಳಬೇಕು.

ಇದರಿಂದ ನಮಗೇನು ಪ್ರಯೋಜನ? ಮಣ್ಣು ಹೆಚ್ಚಾದರೆ ಹೊಲಕ್ಕೆ ಬದು ಕಟ್ಟಬೇಕು, ದಡದಲ್ಲಿ ಗಿಡ ಬೆಳೆಸಬೇಕು. ಪಾಚಿ ಹೆಚ್ಚಾದರೆ ಚರಂಡಿ ನೀರು, ಗೊಬ್ಬರ ಸೇರುವುದನ್ನು ತಡೆಯಬೇಕು. ರೋಗ ತಿಳಿಯದೆ ಮದ್ದು ಕೊಡಲಾದೀತೇ? "ಕೆರೆ ಕೆಟ್ಟಿದೆ ಸ್ವಾಮಿ" ಎಂಬ ಅರ್ಜಿಗಿಂತ, ತಿಂಗಳು ತಿಂಗಳೂ ಅಳೆದು ಬರೆದಿಟ್ಟ ಒಂದು ನೋಟ್‌ಬುಕ್‌ಗೆ ತೂಕ ಹೆಚ್ಚು.

ವಿದ್ಯಾರ್ಥಿಗಳೇ, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ "ಸೈನ್ಸ್ ನಮಗಲ್ಲ ಸರ್" ಎನ್ನುವವರನ್ನು ಪ್ರತಿವರ್ಷ ಕಾಣುತ್ತೇನೆ. ಸಾವಿರ ವರ್ಷಗಳ ಹಿಂದೆ ಬೆಳಕನ್ನು ಪ್ರಯೋಗದಿಂದ ಪರೀಕ್ಷಿಸಿ 'ಕಿತಾಬುಲ್ ಮನಾಝಿರ್' ಬರೆದ ಇಬ್ನುಲ್ ಹೈಸಮ್ ನಮ್ಮವರೆಂದು ವೇದಿಕೆಯಲ್ಲಿ ಹೆಮ್ಮೆಪಟ್ಟರೆ ಸಾಲದು. ಒಂದು ಬಿಳಿ ತಟ್ಟೆ, ಗಂಟು ಹಾಕಿದ ಹಗ್ಗ ಸಿದ್ಧಮಾಡಿಕೊಳ್ಳಿ. ದೊಡ್ಡವರ ಜೊತೆಗೇ ಕೆರೆಗೆ ಹೋಗಿ, ನೀರಿಗೆ ಇಳಿಯಬೇಡಿ. ಅಳೆಯಿರಿ, ತಾರೀಖು ಹಾಕಿ ಬರೆದಿಡಿ. ಶೋಧಕದ ಪ್ರಯೋಗವನ್ನು ಮುಂದೆ ಕಾಲೇಜಿನಲ್ಲಿ ನೀವೇ ಮಾಡುವಿರಿ, ಇನ್ಷಾ ಅಲ್ಲಾಹ್.