ಹಳ್ಳ ಬಂದದ

ಕಲಬುರಗಿಯವರಿಗೆ ನದಿ ಎಂದರೆ ಭೀಮಾ. ಬೆಣ್ಣೆತೊರಾ ಎಂದರೆ ಡ್ಯಾಮಿನ ಹೆಸರು. ನಲ್ಲಿ ನಿಂತ ದಿನ ಮಾತ್ರ ನೆನಪಾಗುವಂಥದ್ದು. ನಗರ ಕುಡಿಯುವ ನೀರಿನಲ್ಲಿ ಈ ತೊರೆಯ ಪಾಲೂ ಇದೆ. ಆದರೂ ಬೇಸಿಗೆಯಲ್ಲಿ ಸೇತುವೆ ದಾಟುವವರಿಗೆ ಇದು ಬರೀ ಹಳ್ಳ.

ಸಣ್ಣ ಹೊಳೆಯೂ ನಗರಕ್ಕೆ ಹೆಸರಾದದ್ದುಂಟು. ಜರ್ಮನಿಯಲ್ಲಿ ರೈನ್ ನದಿಗೆ ಸೇರುವ ವುಪ್ಪರ್ ಎಂಬ ಕಿರುಹೊಳೆಯಿದೆ. 1929ರಲ್ಲಿ ಅದರ ದಂಡೆಯ ಊರುಗಳು ಒಂದಾದವು. ಮರುವರ್ಷ ಆ ನಗರಕ್ಕೆ ವುಪ್ಪರ್‌ಟಾಲ್, ಅಂದರೆ ವುಪ್ಪರ್ ಕಣಿವೆ, ಎಂದೇ ಹೆಸರಿಟ್ಟರು. ಬೆಣ್ಣೆತೊರೆಗೆ ಆ ಭಾಗ್ಯವಿಲ್ಲ. ಅದಕ್ಕೆ ದಕ್ಕಿದ್ದು ಹೇರೂರಿನ ಬಳಿ ಒಂದು ಜಲಾಶಯ. ಅದರ ಉಪನದಿ ಗಂಡೋರಿ ನಾಲಾಕ್ಕೆ ಬೆಳಕೋಟಾದಲ್ಲಿ ಇನ್ನೊಂದು.

ಈ ಸೀಮೆಯ ನೆಲ ಓದಲು ಪುಸ್ತಕ ಬೇಡ, ಹುಮನಾಬಾದ್ ಬಸ್ಸಿನ ಕಿಟಕಿ ಸಾಕು. ಮೊದಲು ಎರೆ ಹೊಲ, ತೊಗರಿ, ಜೋಳ. ಅಡಿಯಲ್ಲಿ ಲಾವಾ ಹೆಪ್ಪುಗಟ್ಟಿದ ಕರಿಕಲ್ಲು. ಕಮಲಾಪುರ ಬರುವಷ್ಟರಲ್ಲಿ ಮಣ್ಣು ಕೆಂಪೇರಿರುತ್ತದೆ. ರಸ್ತೆ ಬದಿ ತೂಗಿಟ್ಟ ಬಾಳೆಗೊನೆಯೂ ಕೆಂಪು: ದಪ್ಪ ಸಿಪ್ಪೆ ಸುಲಿದರೆ ಒಳಗೆ ಕೆನೆಬಣ್ಣದ ತಿರುಳು. ಭೌಗೋಳಿಕ ಸೂಚಿಕೆ ಪಡೆದ ಹಣ್ಣಿದು, ಬೆಲೆಯೂ ಹಾಗೇ ಇದೆ.

ಕೆಳಗೆ ಮಳಖೇಡದ ಕಡೆ ನಡೆದರೆ ಕರಿಕಲ್ಲು ಮುಗಿದು ಸುಣ್ಣಕಲ್ಲು ಶುರು. ಪದರ ಪದರವಾಗಿ ಏಳುವ ಈ ಕಲ್ಲೇ ನೆಲಕ್ಕೆ ಹಾಸುವ ಶಹಾಬಾದಿನ ಪರಸಿ. ಈ ಕಡೆಯ ಎಷ್ಟೋ ಮಂದಿ ಹುಟ್ಟಿ ಅಂಬೆಗಾಲಿಟ್ಟದ್ದು ಅದರ ಮೇಲೆಯೇ. ಸಿಮೆಂಟ್ ಕಾರ್ಖಾನೆಗಳು ಈ ಸೀಮೆಯಲ್ಲೇ ಸಾಲುಗಟ್ಟಿದ್ದೂ ಅದಕ್ಕಾಗಿ.

ತೊರೆಯ ಸ್ವಭಾವ ಮಾತ್ರ ಎರೆಯದು. ಬೇಸಿಗೆಯಲ್ಲಿ ಎರೆ ಹೊಲ ಕೈ ಇಳಿಯುವಷ್ಟು ಬಿರಿಯುತ್ತದೆ. ಮುಂಗಾರಿನ ಮೊದಲ ಮಳೆಗಳನ್ನೆಲ್ಲ ಆ ಬಿರುಕುಗಳೇ ಕುಡಿದುಬಿಡುತ್ತವೆ. ಹಳ್ಳಕ್ಕೆ ಹನಿ ಸಿಗುವುದಿಲ್ಲ. ನೆನೆದ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಆಟ ಬದಲು. ಆಮೇಲೆ ಬಿದ್ದದ್ದೆಲ್ಲ ಮೇಲೇ ಜಾರಿ ತೊರೆಗೆ ಓಡುತ್ತದೆ. ಹಾಗಾಗಿ ಜೂನ್‌ನಲ್ಲಿ ಮರಳು ಕಾಣುವ ಪಾತ್ರದಲ್ಲಿ ಸೆಪ್ಟೆಂಬರ್‌ ಹೊತ್ತಿಗೆ ರಾತ್ರಿ ಬೆಳಗಾಗುವುದರೊಳಗೆ ಕೆಸರುನೀರು ದಂಡೆ ಮುಟ್ಟುತ್ತದೆ.

ಈ ನೀರು ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ರಾಷ್ಟ್ರಕೂಟರು ರಾಜಧಾನಿ ಮಾನ್ಯಖೇಟವನ್ನು ಕಟ್ಟಿದ್ದು ಕಾಗಿಣಾ ದಂಡೆಯಲ್ಲಿ, ಅದೇ ಇಂದಿನ ಮಳಖೇಡ. 2020ರ ಅಕ್ಟೋಬರಿನಲ್ಲಿ ಅಲ್ಲಿನ ಉತ್ತರಾದಿ ಮಠಕ್ಕೂ ನೀರು ನುಗ್ಗಿತ್ತು. ಅಂಥ ದಿನಗಳಲ್ಲಿ ಬಸ್ಸು ಯಾಕೆ ನಿಂತಿತೆಂದು ಕೇಳಿದವರಿಗೆ ಡ್ರೈವರ್ ಹೇಳುವುದು ಎರಡೇ ಮಾತು: "ಹಳ್ಳ ಬಂದದ."