‘ಲಿಂಕನ್’ ಚಿತ್ರವನ್ನು ನೋಡಿದವರು ಮಾಡಿದ್ದೇನು?



ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಲಿಂಕನ್’ ಚಿತ್ರ 2012ರ ನವೆಂಬರ್ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ಅಂತರ್ಯುದ್ಧದ ಕಾಲದಲ್ಲಿ ದೇಶದ ಚುಕ್ಕಾಣಿ ಹಿಡಿದಿದ್ದ ಅಧ್ಯಕ್ಷನ ಚಿತ್ರವೆಂದ ಮೇಲೆ ಅದು ರಣರಂಗದ ಕಥೆಯಾಗಿರಬಹುದೆಂದು ಎಣಿಸುವುದು ಸಹಜ. ಆದರೆ ಎರಡೂವರೆ ಗಂಟೆಯ ಈ ಚಿತ್ರದ ಬಹುಭಾಗ ನಡೆಯುವುದು ಕೋಣೆಗಳಲ್ಲಿ, ಮೊಗಸಾಲೆಗಳಲ್ಲಿ, ಶಾಸನಸಭೆಯ ಪೀಠಗಳ ನಡುವೆ. ಗುಲಾಮಗಿರಿಯನ್ನು ನಿಷೇಧಿಸುವ ಸಂವಿಧಾನದ 13ನೆಯ ತಿದ್ದುಪಡಿಗೆ ಪ್ರತಿನಿಧಿ ಸಭೆಯಲ್ಲಿ ಮೂರನೇ ಎರಡರಷ್ಟು ಮತ ಕೂಡಿಸುವ ಪ್ರಯತ್ನವೇ ಅದರ ಕಥಾವಸ್ತು.

ಆ ತಿದ್ದುಪಡಿ ಏಕೆ ಬೇಕಾಯಿತೆಂಬುದನ್ನು ಮೊದಲು ನೆನೆಯಬೇಕು. 1863ರ ಜನವರಿ 1ರಂದು ಲಿಂಕನ್ ಹೊರಡಿಸಿದ ವಿಮೋಚನಾ ಘೋಷಣೆ ಯುದ್ಧಕಾಲದ ಅಧಿಕಾರವನ್ನು ನೆಚ್ಚಿಕೊಂಡಿತ್ತು. ಬಂಡೆದ್ದ ಪ್ರದೇಶಗಳಿಗಷ್ಟೇ ಅನ್ವಯಿಸುತ್ತಿತ್ತು. ಯುದ್ಧ ಮುಗಿದ ಮೇಲೆ ನ್ಯಾಯಾಲಯ ಅದನ್ನು ಎತ್ತಿಹಿಡಿಯುವುದೇ ಎಂಬ ಅಳುಕು ಆತನಿಗಿತ್ತು. ಸೆನೆಟ್ 1864ರ ಏಪ್ರಿಲ್‌ನಲ್ಲಿ ತಿದ್ದುಪಡಿಯನ್ನು ಒಪ್ಪಿತು. ಜೂನ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ ಅದು ಬಿದ್ದುಹೋಯಿತು. 1865ರ ಜನವರಿ 31ರಂದು ಅದೇ ಸಭೆ 119ಕ್ಕೆ 56 ಮತಗಳಿಂದ ಅಂಗೀಕರಿಸಿತು. ಚಿತ್ರದ ಶಿಖರ ಆ ಮತದಾನವೇ.

ಈ ಚಿತ್ರಕ್ಕೆ ಪ್ರೇಕ್ಷಕರು ಸ್ಪಂದಿಸಿದ ಬಗೆ ಒಂದೇ ತೆರನಾಗಿರಲಿಲ್ಲ. ಹಲವರು ಮೆಚ್ಚಿದರು. ಡೇನಿಯಲ್ ಡೇ ಲೂಯಿಸ್ ಲಿಂಕನ್‌ಗೆ ಕೊಟ್ಟ ತೆಳುವಾದ, ಏರುದನಿಯ ಮಾತು ಕೆಲವರನ್ನು ಬೆರಗುಗೊಳಿಸಿತು. ಗಂಭೀರ ಕಂಠವನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡಿದ್ದವರಿಗೆ ಅದು ಹೊಸದು. ಆದರೆ ಲಿಂಕನ್‌ನ ಮಾತನ್ನು ಕಿವಿಯಾರೆ ಕೇಳಿದ್ದ ಸಮಕಾಲೀನರು ಬರೆದಿಟ್ಟದ್ದೂ ಅಂಥ ದನಿಯನ್ನೇ. ಆ ಪಾತ್ರಕ್ಕಾಗಿ ಡೇ ಲೂಯಿಸ್‌ಗೆ ಆಸ್ಕರ್ ಪ್ರಶಸ್ತಿ ಬಂದಿತು. ಹುದ್ದೆಗಳ ಆಮಿಷ ತೋರಿ ಮತ ಗಳಿಸುವ ದೃಶ್ಯಗಳನ್ನು ಕಂಡು ಕೆಲವು ಅಂಕಣಕಾರರು ರಾಜಕಾರಣವೆಂದರೆ ಹೊಂದಾಣಿಕೆಯೇ ಎಂದು ಹೊಗಳಿದರು. ಗುರಿ ದೊಡ್ಡದಾದ ಮಾತ್ರಕ್ಕೆ ದಾರಿ ಶುದ್ಧವಾಗುವುದೇ ಎಂದು ಕೇಳಿದವರೂ ಇದ್ದರು.

ಮೆಚ್ಚುಗೆಯಲ್ಲೇ ನಿಲ್ಲದೆ ದಾಖಲೆಯ ಕಡೆಗೆ ಕಣ್ಣು ಹಾಯಿಸಿದ ಪ್ರೇಕ್ಷಕರ ಪ್ರತಿಕ್ರಿಯೆ ಹೆಚ್ಚು ಬೆಲೆಯುಳ್ಳದ್ದು. ಕನೆಕ್ಟಿಕಟ್ ರಾಜ್ಯದ ಸಂಸದ ಜೋ ಕರ್ಟ್ನಿ ಅವರಲ್ಲೊಬ್ಬರು. ಆ ರಾಜ್ಯದ ಇಬ್ಬರು ಪ್ರತಿನಿಧಿಗಳು ತಿದ್ದುಪಡಿಯ ವಿರುದ್ಧ ಮತ ನೀಡುವುದನ್ನು ಚಿತ್ರ ತೋರಿಸಿತ್ತು. ಕರ್ಟ್ನಿ ಹಳೆಯ ಕಡತಗಳನ್ನು ತೆರೆಸಿ ನೋಡಿದರೆ ಕನೆಕ್ಟಿಕಟ್‌ನ ನಾಲ್ವರೂ ತಿದ್ದುಪಡಿಯ ಪರವಾಗಿಯೇ ನಿಂತಿದ್ದರು. 2013ರ ಫೆಬ್ರವರಿಯಲ್ಲಿ ಅವರು ಸ್ಪೀಲ್‌ಬರ್ಗ್‌ಗೆ ಪತ್ರ ಬರೆದು ತಪ್ಪನ್ನು ತಿದ್ದುವಂತೆ ಕೋರಿದರು. ಚಿತ್ರಕಥೆ ಬರೆದ ಟೋನಿ ಕುಶ್ನರ್ ಬದಲಾವಣೆ ಮಾಡಿದ್ದನ್ನು ಒಪ್ಪಿಕೊಂಡರು. ಗೆಲುವು ಎಷ್ಟು ಕೂದಲೆಳೆಯ ಅಂತರದ್ದೆಂದು ತೋರಿಸಲು ಹಾಗೆ ಮಾಡಿದ್ದಾಗಿಯೂ, ವಿರೋಧಿಸಿದವರಿಗೆ ಕಲ್ಪಿತ ಹೆಸರುಗಳನ್ನು ಇಟ್ಟಿದ್ದಾಗಿಯೂ ಸಮರ್ಥಿಸಿಕೊಂಡರು. ಕಲಾವಿದನಿಗೆ ಸ್ವಾತಂತ್ರ್ಯ ಉಂಟು, ನಿಜ. ಆದರೆ ಅಪಾಯದ ಕಾಲದಲ್ಲಿ ಸರಿಯಾದ ಪಕ್ಷದಲ್ಲಿ ನಿಂತ ಜನರ ನಿಲುವನ್ನು ತಿರುಗಿಸಿ ತೋರಿಸಿದರೆ, ಊರಿನ ಹೆಸರು ಉಳಿದು ವ್ಯಕ್ತಿಯ ಹೆಸರು ಬದಲಾದರೆ, ಕಳಂಕ ಊರಿಗೆ ಅಂಟುತ್ತದೆ.

ಇತಿಹಾಸಕಾರ್ತಿ ಕೇಟ್ ಮಸೂರ್ ಎತ್ತಿದ ಆಕ್ಷೇಪ ಇನ್ನೂ ಆಳವಾದದ್ದು. ಚಿತ್ರದಲ್ಲಿ ಕಪ್ಪುಜನರು ಬಿಳಿಯರು ತಂದುಕೊಡುವ ಬಿಡುಗಡೆಗಾಗಿ ಕಾಯುತ್ತ ಕುಳಿತವರಂತೆ ಕಾಣುತ್ತಾರೆಂಬುದು ಅವರ ದೂರು. ಚಿತ್ರ ಕಪ್ಪು ಸೈನಿಕರೊಂದಿಗೆ ಲಿಂಕನ್ ಮಾತನಾಡುವ ದೃಶ್ಯದಿಂದಲೇ ಮೊದಲಾಗುತ್ತದೆ ಎಂಬುದೇನೋ ಸರಿ. ಆದರೆ ಫ್ರೆಡರಿಕ್ ಡಗ್ಲಸ್ ಅದರಲ್ಲಿ ಕಾಣಿಸುವುದೇ ಇಲ್ಲ. ಎಲಿಜಬೆತ್ ಕೆಕ್ಲಿ ಅಧ್ಯಕ್ಷನ ಪತ್ನಿಯ ಆಪ್ತ ದರ್ಜಿಯಾಗಿ ಬರುತ್ತಾಳೆ. ಆದರೆ ಹಣ ಕೊಟ್ಟು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡವಳು, ವಾಷಿಂಗ್ಟನ್‌ಗೆ ಓಡಿಬಂದ ನಿರಾಶ್ರಿತರಿಗಾಗಿ ಸಂಘ ಕಟ್ಟಿದವಳು ಅವಳು. ಸುಮಾರು 1,80,000 ಕಪ್ಪುಜನರು ಒಕ್ಕೂಟದ ಸೇನೆಯಲ್ಲಿ ದುಡಿದರು. ಗುಲಾಮಗಿರಿಯ ನಿಷೇಧ ಕೋರಿ ಮಹಿಳೆಯರು ಲಕ್ಷಾಂತರ ಸಹಿಗಳನ್ನು ಕೂಡಿಸಿ ಶಾಸನಸಭೆಗೆ ಒಪ್ಪಿಸಿದರು. ಒಬ್ಬ ಮಹಾಪುರುಷನ ಮೇಲೆ ಬೆಳಕು ಬಿದ್ದಾಗ ಇಂಥವರು ಕತ್ತಲೆಗೆ ಸರಿಯುತ್ತಾರೆ. ಪ್ರೇಕ್ಷಕನು ಅವರನ್ನು ಕೇಳಿ ತಿಳಿಯದಿದ್ದರೆ, ಸುಧಾರಣೆ ಎಂದರೆ ಮೇಲಿನವರು ಕೆಳಗಿನವರಿಗೆ ಕರುಣಿಸುವ ವರವೆಂಬ ಭಾವನೆಯೇ ಗಟ್ಟಿಯಾಗುತ್ತದೆ.

ಮೂರನೆಯದು ಮಿಸಿಸಿಪ್ಪಿ ರಾಜ್ಯದ ಪ್ರಸಂಗ. ತಿದ್ದುಪಡಿಯನ್ನು ಶಾಸನಸಭೆ ಒಪ್ಪಿದರೆ ಸಾಲದು. ನಾಲ್ಕನೇ ಮೂರರಷ್ಟು ರಾಜ್ಯಗಳೂ ಅನುಮೋದಿಸಬೇಕು. ಆಗ ಇದ್ದ 36 ರಾಜ್ಯಗಳ ಪೈಕಿ 27 ರಾಜ್ಯಗಳ ಒಪ್ಪಿಗೆ 1865ರ ಡಿಸೆಂಬರ್ 6ರ ವೇಳೆಗೆ ದೊರೆಯಿತು. ಮಿಸಿಸಿಪ್ಪಿ ಅದೇ ವಾರ ಅದನ್ನು ತಿರಸ್ಕರಿಸಿತ್ತು. ಅದಕ್ಕೂ ಮುನ್ನ, ನವೆಂಬರ್‌ನಲ್ಲಿ, ಬಿಡುಗಡೆಗೊಂಡವರನ್ನು ಅಲೆಮಾರಿಗಳೆಂದು ಹಿಡಿದು ಮತ್ತೆ ದುಡಿಸಲು ಅವಕಾಶ ಕೊಡುವ ಕಾಯಿದೆಗಳನ್ನು ಮಾಡಿತ್ತು. ಆ ರಾಜ್ಯ ತಿದ್ದುಪಡಿಯನ್ನು ಒಪ್ಪಿ ನಿರ್ಣಯ ಮಾಡಿದ್ದು 1995ರಲ್ಲಿ.

ಚಿತ್ರ ಮುಗಿದ ಮೇಲೆ ರಾಜ್ಯಗಳು ಏನು ಮಾಡಿದವೆಂಬ ಪ್ರಶ್ನೆ ಮಿಸಿಸಿಪ್ಪಿಯಲ್ಲಿ ನೆಲೆಸಿದ್ದ ಒಬ್ಬ ಪ್ರೇಕ್ಷಕರನ್ನು ಕಾಡಿತು. ಅವರು ಭಾರತದಲ್ಲಿ ಹುಟ್ಟಿ, ಅಲ್ಲಿಗೆ ಹೋಗಿ ವೈದ್ಯಕೀಯ ಸಂಸ್ಥೆಯೊಂದರಲ್ಲಿ ಪ್ರಾಧ್ಯಾಪಕರಾಗಿದ್ದವರು. ಹುಡುಕಿದಾಗ ತಿಳಿದದ್ದು ವಿಚಿತ್ರ: 1995ರ ನಿರ್ಣಯದ ಪ್ರತಿ ರಾಷ್ಟ್ರೀಯ ದಾಖಲೆಗಳ ಅಧಿಕಾರಿಗೆ ತಲುಪಿಯೇ ಇರಲಿಲ್ಲ! ಅವರು ಈ ವಿಷಯವನ್ನು ಸಹೋದ್ಯೋಗಿಯೊಬ್ಬರಿಗೆ ತಿಳಿಸಿದರು. ಆ ಸಹೋದ್ಯೋಗಿ ಹಳೆಯ ನಿರ್ಣಯವನ್ನು ಪತ್ತೆಮಾಡಿ ರಾಜ್ಯದ ಕಾರ್ಯದರ್ಶಿಯ ಕಚೇರಿಯ ಗಮನಕ್ಕೆ ತಂದರು. 2013ರ ಜನವರಿ 30ರಂದು ಆ ಪ್ರತಿ ರವಾನೆಯಾಯಿತು. ಫೆಬ್ರವರಿ 7ರಂದು ಅನುಮೋದನೆ ದಾಖಲಾಯಿತು. ಪ್ರತಿನಿಧಿ ಸಭೆಯ ಮತದಾನ ನಡೆದು ಆಗ 148 ವರ್ಷ ತುಂಬಿತ್ತು.

ಕಾನೂನಿನ ದೃಷ್ಟಿಯಿಂದ ಇದರಿಂದ ಏನೂ ಬದಲಾಗಲಿಲ್ಲ. ತಿದ್ದುಪಡಿ 1865ರಿಂದಲೇ ಇಡೀ ದೇಶಕ್ಕೆ ಅನ್ವಯಿಸುತ್ತಿತ್ತು. ಹಾಗಾದರೆ ಈ ಶ್ರಮವೇಕೆ ಎಂದು ಕೇಳುವವರಿದ್ದಾರೆ. 1995ರಲ್ಲಿ ಕೈಯೆತ್ತಿ ಒಪ್ಪಿಗೆ ಸೂಚಿಸಿದವರು ರಾಜ್ಯದ ಹೆಸರಿಗಂಟಿದ ಕಲೆಯನ್ನು ತೊಳೆದೆವೆಂದು ನಂಬಿಯೇ ಮನೆಗೆ ಹೋಗಿದ್ದರು. ಹದಿನೇಳು ವರ್ಷಗಳ ಕಾಲ ಆ ನಂಬಿಕೆ ಸುಳ್ಳಾಗಿಯೇ ಇತ್ತು, ಯಾರೂ ವಿಚಾರಿಸಲಿಲ್ಲ. ನಿರ್ಣಯ ಮಂಡಿಸಿ ಚಪ್ಪಾಳೆ ತಟ್ಟಿ ಎದ್ದುಹೋಗುವ ಸಭೆಗಳು ಎಲ್ಲ ಸಮಾಜಗಳಲ್ಲೂ ಉಂಟು. ಆಮೇಲೆ ಆ ಕಾಗದ ಎಲ್ಲಿಗೆ ಹೋಯಿತು, ಯಾರ ಮೇಜಿನಲ್ಲಿ ಉಳಿಯಿತು ಎಂದು ವಿಚಾರಿಸುವ ಒಬ್ಬನಿಲ್ಲದಿದ್ದರೆ ಸುಧಾರಣೆ ನಡಾವಳಿ ಪುಸ್ತಕದಲ್ಲೇ ಉಳಿಯುತ್ತದೆ.

ವಿಚಾರಿಸಿದವರು ಆ ರಾಜ್ಯದಲ್ಲಿ ಹುಟ್ಟಿದವರಲ್ಲ ಎಂಬುದೂ ಗಮನಾರ್ಹ. ಹುಟ್ಟಿದೂರನ್ನು ಬಿಟ್ಟು ಬೇರೆಡೆ ಬಾಳುವವರು ಅಲ್ಲಿನ ಹಳೆಯ ವ್ಯಾಜ್ಯಗಳು ತಮಗೆ ಸಂಬಂಧಿಸಿದವಲ್ಲವೆಂದು ದೂರ ನಿಲ್ಲುವುದು ವಾಡಿಕೆ. ಅದು ಜಾಣತನವೆಂದೂ ಹಲವರು ತಿಳಿಯುತ್ತಾರೆ. ಈ ಪ್ರಾಧ್ಯಾಪಕರು ಹಾಗೆ ತಿಳಿಯಲಿಲ್ಲ. ತಾವು ಉಣ್ಣುವ ನೆಲದ ಲೆಕ್ಕವೂ ತಮ್ಮದೇ ಎಂದು ನಡೆದುಕೊಂಡರು. ಅದಕ್ಕಾಗಿ ಅವರು ಮೆರವಣಿಗೆ ತೆಗೆಯಲಿಲ್ಲ, ಯಾರನ್ನೂ ನಿಂದಿಸಲಿಲ್ಲ. ಟಿಕೆಟ್ ಕೊಂಡು ಒಂದು ಚಿತ್ರ ನೋಡಿದರು, ಮನೆಗೆ ಬಂದು ಒಂದು ಪ್ರಶ್ನೆಯನ್ನು ಬೆನ್ನಟ್ಟಿದರು, ಉತ್ತರ ಸಿಕ್ಕಾಗ ಅದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಐತಿಹಾಸಿಕ ಚಿತ್ರಗಳನ್ನು ನೋಡುವವರೆಲ್ಲರಿಗೂ ಇಷ್ಟನ್ನು ಮಾಡುವುದು ಸಾಧ್ಯವಿದೆ.